ಸ್ನಾಯುಗಳು ಬಿಗಿಯುವುದು ಹೇಗೆ, ಸಡಿಲುವುದು ಹೇಗೆ?

ಸಹೋದರಿಯರೇ, ಈ ಪತ್ರಿಕೆಯನ್ನು ಹಿಡಿದಿರುವ ನಿಮ್ಮ ಕೈಯನ್ನೊಮ್ಮೆ ನೋಡಿರಿ. ಹೆಬ್ಬೆರಳು ಒಂದು ಬದಿಯಿಂದ, ಉಳಿದ ಬೆರಳುಗಳು ಇನ್ನೊಂದು ಬದಿಯಿಂದ ಹಾಳೆಯನ್ನು ಹಿಡಿದುಕೊಂಡಿವೆ. ಪುಟ ಮಗುಚುವಾಗ ಆ ಹಿಡಿತ ಸಡಿಲುತ್ತದೆ, ಮರುಕ್ಷಣ ಮತ್ತೆ ಬಿಗಿಯುತ್ತದೆ. ಹೆಚ್ಚು ಬಿಗಿದರೆ ಹಾಳೆ ಮುದುಡುತ್ತದೆ, ಹೆಚ್ಚು ಸಡಿಲಿದರೆ ಕೈಜಾರುತ್ತದೆ. ಇದೆಲ್ಲವನ್ನು ಲೆಕ್ಕ ಹಾಕಿ ಮಾಡಲು ನೀವು ಒಂದು ಕ್ಷಣವೂ ಯೋಚಿಸಬೇಕಾಗಿಲ್ಲ.

ಸುಬ್‌ಹ್ ಬಾಂಗಿಗೆ ಎದ್ದು ವುಝೂ ಮಾಡುವುದರಿಂದ ಹಿಡಿದು ರಾತ್ರಿ ಮಗುವನ್ನು ತಟ್ಟಿ ಮಲಗಿಸುವವರೆಗೆ ನಮ್ಮ ಕೆಲಸಗಳೆಲ್ಲ ಸ್ನಾಯುಗಳ ಬಿಗಿತ ಮತ್ತು ಸಡಿಲಿಕೆಯಿಂದಲೇ ನಡೆಯುತ್ತವೆ. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು, ಮಾತಾಡುವುದು, ನಗುವುದು, ಕೊನೆಗೆ ಉಸಿರಾಡುವುದು ಕೂಡ. ಮನುಷ್ಯನು ತನ್ನೊಳಗೇ ಇರುವ ದೃಷ್ಟಾಂತಗಳ ಕುರಿತು ಚಿಂತಿಸಬೇಕೆಂದು ಪವಿತ್ರ ಕುರ್‌ಆನ್ ಕರೆ ನೀಡುತ್ತದೆ. ಅಂತಹ ಒಂದು ದೃಷ್ಟಾಂತ ನಮ್ಮ ಅಂಗೈಯಲ್ಲೇ ಇದೆ.

ಬಿಗಿಯುವುದಕ್ಕೆ ಶಕ್ತಿ ಬೇಕು, ಸಡಿಲುವುದು ತಾನಾಗಿ ಆಗುತ್ತದೆ ಎಂಬುದು ನಮ್ಮ ಸಾಮಾನ್ಯ ತಿಳುವಳಿಕೆ. ಆದರೆ ಜೀವಕೋಶದ ಲೆಕ್ಕ ಬೇರೆಯೇ ಇದೆ. ಅಲ್ಲಿ ಸಡಿಲುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಈ ಒಂದು ವಿಷಯ ತಿಳಿದರೆ ಮಯ್ಯಿತ್ ಸೆಟೆದುಕೊಳ್ಳುವುದೇಕೆ, ಕುರ್ಬಾನಿಯ ಮಾಂಸ ಅದುರುವುದೇಕೆ, ಗರ್ಭಿಣಿಗೆ ಧನುರ್ವಾಯುವಿನ ಚುಚ್ಚುಮದ್ದು ಏಕೆ ಎಂಬ ಹಲವು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಎಳೆಯುವುದಷ್ಟೇ ಗೊತ್ತು, ತಳ್ಳಲು ಗೊತ್ತಿಲ್ಲ

ನಮ್ಮ ಶರೀರದಲ್ಲಿ 600ಕ್ಕೂ ಹೆಚ್ಚು ಸ್ನಾಯುಗಳು ಎಲುಬುಗಳಿಗೆ ಸಂಬಂಧಿಸಿದವು. ನಮ್ಮ ಇಚ್ಛೆಯಂತೆ ಚಲಿಸುವ ಇವುಗಳನ್ನು ಅಸ್ಥಿಸ್ನಾಯುಗಳು ಎನ್ನುತ್ತಾರೆ. ಹೃದಯದ ಸ್ನಾಯು ಮತ್ತು ಕರುಳು, ಗರ್ಭಕೋಶ ಮುಂತಾದವುಗಳ ಸ್ನಾಯುಗಳು ಬೇರೆ ಜಾತಿಯವು. ನಾವಿಲ್ಲಿ ಮಾತಾಡುವುದು ಮೊದಲನೆಯ ಜಾತಿಯ ಬಗ್ಗೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿರಿ. ಎಡಗೈಯಿಂದ ಬಲಗೈಯ ಮೊಣಕೈ ಕೆಳಗಿನ ಭಾಗವನ್ನು ಹಿಡಿದುಕೊಂಡು ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿರಿ. ಬೆರಳು ಆಡಿದಾಗ ಹಿಡಿದ ಜಾಗದಲ್ಲಿ ಏನೋ ಉಬ್ಬಿ ಇಳಿದಂತೆ ಭಾಸವಾಗುತ್ತದೆಯಲ್ಲವೇ? ಬೆರಳುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತಹ ಸ್ನಾಯುರಜ್ಜುಗಳು ಬೆರಳುಗಳ ತನಕ ಹೋಗಿವೆ. ಬೆರಳುಗಳು ತೆಳ್ಳಗಿದ್ದು ಸೂಜಿಗೆ ನೂಲು ಪೋಣಿಸಲು ಸಾಧ್ಯವಾಗಿರುವುದು ಈ ಏರ್ಪಾಡಿನಿಂದಲೇ.

ಸ್ನಾಯುವಿಗೆ ಗೊತ್ತಿರುವುದು ಎಳೆಯುವುದು ಮಾತ್ರ. ಹಾಗಾದರೆ ಮಡಚಿದ ಕೈ ನೇರವಾಗುವುದು ಹೇಗೆ? ಅದಕ್ಕೆ ಎದುರು ಬದಿಯಲ್ಲಿ ಇನ್ನೊಂದು ಸ್ನಾಯು ಇದೆ. ತೋಳಿನ ಮುಂಬದಿಯ ಸ್ನಾಯು ಕೈಯನ್ನು ಮಡಚುತ್ತದೆ, ಹಿಂಬದಿಯ ಸ್ನಾಯು ನೇರ ಮಾಡುತ್ತದೆ. ಒಂದು ಬಿಗಿಯುವಾಗ ಇನ್ನೊಂದು ಸಡಿಲಲೇಬೇಕು. ಎರಡೂ ಒಟ್ಟಿಗೆ ಹಟ ಹಿಡಿದರೆ ಕೈ ಮರದ ಕೊರಡಿನಂತೆ ನಿಂತುಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಚಲನೆಯಲ್ಲೂ ಬಿಗಿದ ಸ್ನಾಯುವಿಗೆ ಎಷ್ಟು ಪಾಲಿದೆಯೋ ಬಿಟ್ಟುಕೊಟ್ಟ ಸ್ನಾಯುವಿಗೂ ಅಷ್ಟೇ ಪಾಲಿದೆ.

ಒಂದು ನೂಲಿನೊಳಗೆ ಸಾವಿರ ನೂಲುಗಳು

ಬೇಯಿಸಿದ ಮಾಂಸವನ್ನು ಬಿಡಿಸಿದಾಗ ಅದು ಎಳೆ ಎಳೆಯಾಗಿ ಬರುವುದನ್ನು ನೀವು ನೋಡಿದ್ದೀರಿ. ಕಣ್ಣಿಗೆ ಕಾಣುವ ಆ ಎಳೆಗಳು ಸ್ನಾಯುತಂತುಗಳ ಕಂತೆಗಳು. ಕಂತೆಯೊಳಗಿನ ಒಂದೊಂದು ತಂತುವೂ ಒಂದೊಂದು ಜೀವಕೋಶ. ಅದರ ದಪ್ಪ ತಲೆಗೂದಲಿನಷ್ಟು ಅಥವಾ ಅದಕ್ಕಿಂತ ಕಡಿಮೆ. ಆದರೆ ಉದ್ದ ಹಲವು ಸೆಂಟಿಮೀಟರ್ ಇರಬಹುದು. ಸಾಮಾನ್ಯ ಜೀವಕೋಶಕ್ಕೆ ಒಂದು ಕೋಶಕೇಂದ್ರವಿದ್ದರೆ ಈ ಉದ್ದನೆಯ ಕೋಶಕ್ಕೆ ನೂರಾರು ಕೋಶಕೇಂದ್ರಗಳಿರುತ್ತವೆ.

ಆ ತಂತುವಿನೊಳಗೆ ಇನ್ನೂ ಸಪೂರವಾದ ನೂರಾರು, ಸಾವಿರಾರು ಎಳೆಗಳಿವೆ. ಪ್ರತಿ ಎಳೆಯೂ ರೈಲು ಬೋಗಿಗಳಂತೆ ಒಂದರ ಹಿಂದೆ ಒಂದಾಗಿ ಜೋಡಿಸಿದ ಪುಟ್ಟ ಘಟಕಗಳಿಂದ ಆಗಿದೆ. ಈ ಘಟಕದ ಹೆಸರು ಸಾರ್ಕೊಮಿಯರ್. ಒಂದು ಸಾರ್ಕೊಮಿಯರ್‌ನ ಉದ್ದ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ಎರಡೂವರೆ ಭಾಗ ಮಾತ್ರ. ಅಂದರೆ 10 ಸೆಂಟಿಮೀಟರ್ ಉದ್ದದ ಒಂದು ಎಳೆಯಲ್ಲಿ ಸುಮಾರು 40,000 ಘಟಕಗಳು ಸಾಲಾಗಿ ನಿಂತಿವೆ.

ಪ್ರತಿ ಘಟಕದಲ್ಲಿ ಎರಡು ಬಗೆಯ ಪ್ರೊಟೀನ್ ದಾರಗಳಿವೆ. ದಪ್ಪ ದಾರದ ಹೆಸರು ಮಯೋಸಿನ್, ಸಪೂರ ದಾರದ ಹೆಸರು ಆಕ್ಟಿನ್. ಎರಡೂ ಕೈಗಳ ಬೆರಳುಗಳನ್ನು ಎದುರುಬದುರಾಗಿ ಹಿಡಿದು ಒಂದರ ಸಂದಿಯಲ್ಲಿ ಇನ್ನೊಂದರ ತುದಿಯನ್ನು ಸ್ವಲ್ಪವೇ ತೂರಿಸಿರಿ. ಸಡಿಲವಾದ ಸ್ನಾಯುವಿನ ದಾರಗಳು ಹೀಗಿರುತ್ತವೆ. ಈಗ ಬೆರಳುಗಳನ್ನು ಇನ್ನಷ್ಟು ಒಳಗೆ ಜಾರಿಸಿರಿ. ಎರಡು ಅಂಗೈಗಳೂ ಹತ್ತಿರ ಬಂದವು, ಆದರೆ ಯಾವ ಬೆರಳೂ ಗಿಡ್ಡವಾಗಲಿಲ್ಲ. ಸ್ನಾಯು ಸಂಕುಚಿಸುವುದೆಂದರೆ ಇಷ್ಟೇ. ಒಂದೊಂದು ಘಟಕ ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಕುಗ್ಗಿದರೂ 40,000 ಘಟಕಗಳು ಒಟ್ಟಿಗೆ ಕುಗ್ಗಿದಾಗ ಇಡೀ ಎಳೆ ಎರಡು ಸೆಂಟಿಮೀಟರಿನಷ್ಟು ಗಿಡ್ಡವಾಗಬಲ್ಲದು. ಒಬ್ಬೊಬ್ಬರ ಪಾಲು ಅತ್ಯಲ್ಪ, ಆದರೆ ಕೂಡಿದಾಗ ತುಂಬಿದ ಕೊಡ ಮೇಲೇಳುತ್ತದೆ.

ತಿಳಿದುಬಂದ ಬಗೆ

ಸ್ನಾಯುಗಳ ಕುರಿತ ಕುತೂಹಲ ಹಳೆಯದು. ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನರ ಮತ್ತು ಸ್ನಾಯುಗಳ ರಚನೆಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದರು. ಆದರೆ ಒಳಗಿನ ದಾರಗಳನ್ನು ನೋಡಲು ಬೇಕಾದ ಸಾಧನಗಳು ಮನುಷ್ಯನ ಕೈಗೆ ಬಂದದ್ದು ಬಹಳ ತಡವಾಗಿ.

20ನೇ ಶತಮಾನದ ನಡುಭಾಗದವರೆಗೂ ಪ್ರೊಟೀನ್ ದಾರಗಳೇ ಮುದುಡಿ ಗಿಡ್ಡವಾಗುತ್ತವೆ ಎಂದು ಅನೇಕ ವಿಜ್ಞಾನಿಗಳು ಭಾವಿಸಿದ್ದರು. 1954ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಒಂದನ್ನು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಬರೆದಿದ್ದರು. ಇನ್ನೊಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳೆ ಬರೆದಿದ್ದರು. ಇಬ್ಬರು ಹಕ್ಸ್‌ಲಿಗಳಿಗೂ ಸಂಬಂಧವಿರಲಿಲ್ಲ. ಎರಡು ತಂಡಗಳೂ ಬೇರೆ ಬೇರೆ ದಾರಿಯಿಂದ ಹೋಗಿ ಒಂದೇ ತೀರ್ಮಾನಕ್ಕೆ ಬಂದಿದ್ದವು: ದಾರಗಳು ಮುದುಡುವುದಿಲ್ಲ, ಒಂದರ ಪಕ್ಕದಲ್ಲಿ ಇನ್ನೊಂದು ಜಾರುತ್ತವೆ. ಜೀನ್ ಹ್ಯಾನ್ಸನ್ 1967ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯೆಯಾದರು.

ದಾರಗಳು ಜಾರಲು ಅಪ್ಪಣೆ ಕೊಡುವುದು ಯಾವುದು ಎಂಬ ಪ್ರಶ್ನೆ ಉಳಿದಿತ್ತು. ಅದು ಕ್ಯಾಲ್ಸಿಯಂ ಎಂಬುದನ್ನು ಖಚಿತಪಡಿಸಿದವರಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಪ್ರಮುಖರು. ಕ್ಯಾಲ್ಸಿಯಂನ ಕರೆಗೆ ಓಗೊಡುವ ಟ್ರೊಪೊನಿನ್ ಎಂಬ ಪ್ರೊಟೀನನ್ನು ಪತ್ತೆ ಹಚ್ಚುವ 1960ರ ದಶಕದ ಕೆಲಸದಲ್ಲಿ ಅವರ ಪತ್ನಿ ಫುಮಿಕೊ ಎಬಾಶಿಯವರೂ ಜೊತೆಯಾಗಿದ್ದರು. ಇಂದು ಎದೆನೋವೆಂದು ಆಸ್ಪತ್ರೆಗೆ ಹೋದವರ ರಕ್ತದಲ್ಲಿ ಪರೀಕ್ಷಿಸುವ ಟ್ರೊಪೊನಿನ್ ಹೃದಯಸ್ನಾಯುವಿನಲ್ಲಿರುವ ಇದೇ ಕುಟುಂಬದ ಪ್ರೊಟೀನ್.

ಅಪ್ಪಣೆ ಬರುವ ದಾರಿ

ನೀವು ಲೋಟ ಎತ್ತಬೇಕೆಂದು ಬಯಸುತ್ತೀರಿ. ಮೆದುಳಿನಿಂದ ಹೊರಟ ಸಂದೇಶ ಬೆನ್ನುಹುರಿಯ ಮೂಲಕ ನರದಲ್ಲಿ ಇಳಿದು ಸ್ನಾಯುವಿನ ಬಾಗಿಲಿಗೆ ತಲುಪುತ್ತದೆ. ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸೂಕ್ಷ್ಮವಾದ ಅಂತರವಿದೆ. ನರದ ತುದಿ ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಅದು ಸ್ನಾಯುವಿನ ಹೊರಪೊರೆಯ ಮೇಲಿರುವ ಬೀಗಗಳಿಗೆ ಕೀಲಿಕೈಯಂತೆ ಹೊಂದಿಕೊಳ್ಳುತ್ತದೆ. ಒಡನೆ ಒಂದು ವಿದ್ಯುತ್ ಅಲೆ ಪೊರೆಯುದ್ದಕ್ಕೂ ಹರಡಿ ಸಣ್ಣ ಸಣ್ಣ ಕೊಳವೆಗಳ ಮೂಲಕ ಒಳಗಿಳಿಯುತ್ತದೆ.

ತಂತುವಿನೊಳಗೆ ಎಳೆಗಳ ಸುತ್ತ ಬಲೆಯಂತೆ ಹರಡಿರುವ ಚೀಲಗಳಲ್ಲಿ ಕ್ಯಾಲ್ಸಿಯಂ ತುಂಬಿಟ್ಟಿರುತ್ತದೆ. ವಿದ್ಯುತ್ ಅಲೆ ತಟ್ಟಿದೊಡನೆ ಈ ಚೀಲಗಳ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಗೆ ಸುರಿಯುತ್ತದೆ. ಆಕ್ಟಿನ್ ದಾರದ ಮೇಲೆ ಮಯೋಸಿನ್ ಹಿಡಿದುಕೊಳ್ಳಬೇಕಾದ ಜಾಗಗಳಿಗೆ ಟ್ರೊಪೊಮಯೋಸಿನ್ ಎಂಬ ಎಳೆಯೊಂದು ಪರದೆಯಂತೆ ಅಡ್ಡವಾಗಿರುತ್ತದೆ. ಕ್ಯಾಲ್ಸಿಯಂ ಬಂದು ಟ್ರೊಪೊನಿನ್ ಜೊತೆ ಸೇರಿದಾಗ ಆ ಪರದೆ ಸರಿಯುತ್ತದೆ, ಹಿಡಿಯುವ ಜಾಗ ತೆರೆಯುತ್ತದೆ. ಇಷ್ಟೆಲ್ಲ ನಡೆಯಲು ಒಂದು ಸೆಕೆಂಡಿನ ಸಣ್ಣ ಪಾಲು ಸಾಕು.

ಬಾವಿಯ ಹಗ್ಗ ಎಳೆದಂತೆ

ಬಾವಿಯಿಂದ ನೀರು ಸೇದಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಹಗ್ಗವನ್ನು ಒಂದು ಕೈಯಿಂದ ಹಿಡಿದು ಎಳೆಯುತ್ತೇವೆ. ಆ ಹಿಡಿತ ಬಿಟ್ಟು ಮುಂದಕ್ಕೆ ಕೈ ಚಾಚಿ ಮತ್ತೆ ಹಿಡಿಯುತ್ತೇವೆ, ಮತ್ತೆ ಎಳೆಯುತ್ತೇವೆ. ಒಂದು ಕೈ ಬಿಟ್ಟಾಗ ಇನ್ನೊಂದು ಕೈ ಹಿಡಿದಿರುವುದರಿಂದ ಕೊಡ ಕೆಳಗೆ ಬೀಳುವುದಿಲ್ಲ.

ಮಯೋಸಿನ್ ದಾರದ ಮೇಲೆ ಇಂತಹ ನೂರಾರು ಪುಟ್ಟ 'ಕೈ'ಗಳಿವೆ. ವಿಜ್ಞಾನಿಗಳು ಇವನ್ನು ಮಯೋಸಿನ್ ತಲೆಗಳು ಎನ್ನುತ್ತಾರೆ. ಪ್ರತಿಯೊಂದೂ ಆಕ್ಟಿನ್ ಹಗ್ಗವನ್ನು ಹಿಡಿಯುತ್ತದೆ, ಬಾಗಿ ಎಳೆಯುತ್ತದೆ, ಬಿಡುತ್ತದೆ, ನೆಟ್ಟಗಾಗಿ ಮತ್ತೆ ಮುಂದಿನ ಜಾಗ ಹಿಡಿಯುತ್ತದೆ. ಎಲ್ಲವೂ ಒಮ್ಮೆಲೇ ಬಿಡುವುದಿಲ್ಲ. ಕೆಲವು ಬಿಟ್ಟಿರುವಾಗ ಕೆಲವು ಹಿಡಿದಿರುತ್ತವೆ.

ಈ ಕೆಲಸಕ್ಕೆ ಶಕ್ತಿ ಕೊಡುವುದು ಎಟಿಪಿ ಎಂಬ ಪದಾರ್ಥ. ನಾವು ತಿಂದ ಅನ್ನ, ರೊಟ್ಟಿ, ಎಣ್ಣೆಯ ಶಕ್ತಿ ಜೀವಕೋಶದಲ್ಲಿ ಕೊನೆಗೆ ಈ ಚಿಲ್ಲರೆ ನಾಣ್ಯವಾಗಿ ಬದಲಾಗುತ್ತದೆ. ಎಟಿಪಿಯ ನಾಣ್ಯ ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿರಿ. ಬಾಗಿ ಎಳೆದು ಮುಗಿಸಿದ ಮಯೋಸಿನ್ ತಲೆ ಹಗ್ಗಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊಸದೊಂದು ಎಟಿಪಿ ಬಂದು ಅದರೊಳಗೆ ಕುಳಿತಾಗಲೇ ಅದು ಹಿಡಿತ ಬಿಡುವುದು. ಬಿಟ್ಟ ಮೇಲೆ ಆ ಎಟಿಪಿ ಒಡೆದು ಬಂದ ಶಕ್ತಿಯಿಂದ ತಲೆ ನೆಟ್ಟಗಾಗಿ ಮುಂದಿನ ಎಳೆತಕ್ಕೆ ಸಿದ್ಧವಾಗುತ್ತದೆ. ಬಾವಿಕಟ್ಟೆಯಲ್ಲಿ ನಮಗೆ ಹಗ್ಗ ಹಿಡಿಯುವುದು ಕಷ್ಟ, ಬಿಡುವುದು ಸುಲಭ. ಮಯೋಸಿನ್‌ಗೆ ಎಟಿಪಿಯಿಲ್ಲದೆ ಬಿಡಲು ಸಾಧ್ಯವೇ ಇಲ್ಲ.

ಸಡಿಲುವುದಕ್ಕೂ ಬೆಲೆ ಇದೆ

ಲೋಟವನ್ನು ಕೆಳಗಿಟ್ಟಿರಿ. ಮೆದುಳಿನ ಸಂದೇಶ ನಿಂತಿತು. ಈಗ ಮೂರು ಕೆಲಸಗಳಾಗಬೇಕು. ಮೊದಲನೆಯದಾಗಿ, ನರದ ತುದಿ ಚೆಲ್ಲಿದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿಯಬಾರದು. ಅದನ್ನು ಆ ಕ್ಷಣವೇ ಒಡೆದು ಹಾಕುವ ಕಿಣ್ವವೊಂದು ಅಲ್ಲೇ ಕಾದಿರುತ್ತದೆ. ಎರಡನೆಯದಾಗಿ, ಹೊರಗೆ ಸುರಿದ ಕ್ಯಾಲ್ಸಿಯಂ ಮರಳಿ ಚೀಲ ಸೇರಬೇಕು. ಚೀಲದೊಳಗೆ ಮೊದಲೇ ಸಾಕಷ್ಟು ಕ್ಯಾಲ್ಸಿಯಂ ಇರುವುದರಿಂದ ಇದು ಇಳಿಜಾರಿನಲ್ಲಿ ನೀರು ಹರಿದಂತಲ್ಲ, ಕೆಳಗಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದಂತೆ. ಅದಕ್ಕಾಗಿ ಚೀಲದ ಗೋಡೆಯಲ್ಲಿ ಸಾಲು ಸಾಲು ಪಂಪುಗಳಿವೆ. ಪ್ರತಿ ಎರಡು ಕ್ಯಾಲ್ಸಿಯಂ ಕಣಗಳನ್ನು ಒಳಗೆ ಸೇರಿಸಲು ಒಂದು ಎಟಿಪಿ ಖರ್ಚು. ಮೂರನೆಯದಾಗಿ, ಅಂಟಿಕೊಂಡಿರುವ ಮಯೋಸಿನ್ ತಲೆಗಳು ಬಿಡಬೇಕು. ಅದಕ್ಕೂ ಎಟಿಪಿ ಬೇಕು. ಕ್ಯಾಲ್ಸಿಯಂ ಹೋದ ಮೇಲೆ ಪರದೆ ಮತ್ತೆ ಅಡ್ಡ ಬರುತ್ತದೆ, ದಾರಗಳು ಜಾರಿ ಮೊದಲಿನ ಸ್ಥಿತಿಗೆ ಮರಳುತ್ತವೆ.

ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಜೋರಿನ ಕೆಲಸಕ್ಕೆ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು ಮಾತ್ರ. ಆದ್ದರಿಂದ ಜೀವಕೋಶ ಅದನ್ನು ಎಡೆಬಿಡದೆ ತಯಾರಿಸುತ್ತಲೇ ಇರಬೇಕು. ನೀವು ನೆಮ್ಮದಿಯಾಗಿ ಮಲಗಿ ನಿದ್ರಿಸುವಾಗಲೂ ಪಂಪುಗಳು ಕೆಲಸ ಮಾಡುತ್ತಿರುತ್ತವೆ. ನಮ್ಮ ವಿಶ್ರಾಂತಿಯನ್ನು ಯಾರೋ ಎಚ್ಚರವಿದ್ದು ಕಾಯುತ್ತಿರುವಂತೆ. ಸುಬ್‌ಹಾನಲ್ಲಾಹ್!

ಮಯ್ಯಿತ್ ಸೆಟೆದುಕೊಳ್ಳುವುದೇಕೆ?

ಮಯ್ಯಿತ್ ಸ್ನಾನ ಮಾಡಿಸುವ ಮಹಿಳೆಯರಿಗೆ ಒಂದು ವಿಷಯ ಅನುಭವದಿಂದ ಗೊತ್ತು. ಪ್ರಾಣ ಹೋದ ತಕ್ಷಣ ದೇಹ ಮೆತ್ತಗಿರುತ್ತದೆ. ಎರಡರಿಂದ ನಾಲ್ಕು ಗಂಟೆಗಳಲ್ಲಿ ರೆಪ್ಪೆ, ದವಡೆಗಳಿಂದ ಆರಂಭಿಸಿ ಬಿಗಿಯಲು ತೊಡಗುತ್ತದೆ. ಸುಮಾರು ಹನ್ನೆರಡು ಗಂಟೆಗಳ ಹೊತ್ತಿಗೆ ಕೈಕಾಲುಗಳೆಲ್ಲ ಸೆಟೆದುಕೊಳ್ಳುತ್ತವೆ. ಒಂದೆರಡು ದಿನಗಳಲ್ಲಿ ಆ ಬಿಗಿತ ತಾನಾಗಿ ಕಳೆಯುತ್ತದೆ. ಸೆಕೆಯ ಕಾಲದಲ್ಲಿ ಇದೆಲ್ಲ ಇನ್ನಷ್ಟು ಬೇಗ ಆಗುತ್ತದೆ.

ಕಾರಣ ಈಗ ನಿಮಗೆ ಹೊಳೆದಿರಬಹುದು. ಉಸಿರು ನಿಂತ ಮೇಲೆ ಎಟಿಪಿಯ ತಯಾರಿ ಕುಂದುತ್ತಾ ಹೋಗಿ ಕೊನೆಗೆ ನಿಂತುಬಿಡುತ್ತದೆ. ಉಳಿದದ್ದು ಮುಗಿಯುವವರೆಗೆ ದೇಹ ಮೆತ್ತಗಿರುತ್ತದೆ. ಮುಗಿದಾಗ ಪಂಪುಗಳು ನಿಲ್ಲುತ್ತವೆ, ಕ್ಯಾಲ್ಸಿಯಂ ಸೋರುತ್ತದೆ, ಮಯೋಸಿನ್ ತಲೆಗಳು ಆಕ್ಟಿನ್ ಹಗ್ಗವನ್ನು ಹಿಡಿಯುತ್ತವೆ. ಬಿಡಿಸಲು ಎಟಿಪಿ ಇಲ್ಲ. ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ. ಮುಂದೆ ಪ್ರೊಟೀನ್‌ಗಳೇ ಕರಗಲು ಆರಂಭಿಸಿದಾಗ ಬಿಗಿತ ಹೋಗುತ್ತದೆ. ಆ ಸೆಟೆತ ಮೃತರ ಸಂಕಟದ ಗುರುತಲ್ಲ, ಪಾಪದ ಗುರುತೂ ಅಲ್ಲ. ಒಬ್ಬರು ಬೇಗ ಬಿಗಿದರು, ಇನ್ನೊಬ್ಬರು ಮೆತ್ತಗೇ ಇದ್ದರು ಎಂದು ಜನಾಝದ ಮನೆಯಲ್ಲಿ ಪಿಸುಗುಟ್ಟುವುದು ಅಜ್ಞಾನ. ಹವೆ, ಜ್ವರ, ಸಾವಿಗೆ ಮುಂಚಿನ ದೇಹಶ್ರಮ ಇವುಗಳಿಂದ ಹೊತ್ತು ಹೆಚ್ಚುಕಡಿಮೆಯಾಗುತ್ತದೆ.

ಅಬೂ ಸಲಮಾ(ರ)ರ ಮರಣ ಸಮಯದಲ್ಲಿ ಪ್ರವಾದಿ(ಸ)ರು ಅವರ ತೆರೆದಿದ್ದ ಕಣ್ಣುಗಳನ್ನು ಮುಚ್ಚಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ(ರ) ವರದಿ ಮಾಡಿದ್ದಾರೆ. ಮರಣವಾದೊಡನೆ ಕಣ್ಣು ಮುಚ್ಚಬೇಕು, ದವಡೆಯನ್ನು ಬಟ್ಟೆಯಿಂದ ಕಟ್ಟಬೇಕು, ಕೀಲುಗಳನ್ನು ಮೆಲ್ಲನೆ ಮಡಚಿ ಬಿಡಿಸಿ ಸಡಿಲಿಸಬೇಕು ಎಂದು ಫಿಕ್‌ಹ್ ಗ್ರಂಥಗಳು ಹೇಳುತ್ತವೆ. ಆ ಮೆತ್ತಗಿನ ಹೊತ್ತು ಬಹಳ ಚಿಕ್ಕದು. ಅಳುವಿನ ನಡುವೆಯೂ ಯಾರಾದರೂ ಒಬ್ಬರು ಧೈರ್ಯ ತಂದುಕೊಂಡು ಈ ಕೆಲಸ ಮಾಡಿದರೆ ಸ್ನಾನ ಮಾಡಿಸುವವರಿಗೂ ಕಫನ್ ತೊಡಿಸುವವರಿಗೂ ಸುಲಭವಾಗುತ್ತದೆ. ಹೊತ್ತು ಮೀರಿದ್ದರೆ ಬಲಪ್ರಯೋಗ ಮಾಡಬಾರದು. ಉಗುರು ಬೆಚ್ಚಗಿನ ನೀರು ಹಾಕಿ ಮೆಲ್ಲನೆ ಉಜ್ಜಬೇಕು. ಮೃತ ದೇಹದ ಎಲುಬಿಗೂ ಜೀವಂತರ ಎಲುಬಿನಷ್ಟೇ ಗೌರವವಿದೆ.

ಅಡುಗೆಮನೆಯಲ್ಲಿ ಇದೇ ಪಾಠ

ಬಕ್ರೀದ್ ದಿನ ಆಗಷ್ಟೇ ಕತ್ತರಿಸಿದ ಮಾಂಸದ ತುಂಡು ಪಾತ್ರೆಯಲ್ಲಿ ಅದುರುವುದನ್ನು ಕಂಡು ಮಕ್ಕಳು ಹೆದರುತ್ತಾರೆ. ಉಪ್ಪು ಹಾಕಿದರಂತೂ ಇನ್ನೂ ಹೆಚ್ಚು ಅದುರುತ್ತದೆ. ಪ್ರಾಣಿಗೆ ಇನ್ನೂ ಜೀವವಿದೆ, ನೋವಾಗುತ್ತಿದೆ ಎಂದಲ್ಲ. ನೋವನ್ನು ತಿಳಿಯುವ ಮೆದುಳಿನ ಸಂಪರ್ಕವೇ ಅಲ್ಲಿಲ್ಲ. ಜೀವಕೋಶದಲ್ಲಿ ಸ್ವಲ್ಪ ಎಟಿಪಿ ಉಳಿದಿದೆ. ಉಪ್ಪಿನ ಕಣಗಳು ತಾಗಿದಾಗ ಪೊರೆಯಲ್ಲಿ ವಿದ್ಯುತ್ ಅಲೆ ಎದ್ದು ತಂತುಗಳು ಬಿಗಿದು ಸಡಿಲುತ್ತವೆ. ಮಕ್ಕಳಿಗೆ ಇದನ್ನು ವಿವರಿಸಿ ಹೇಳಿರಿ.

ಕೆಲವು ಗಂಟೆ ಕಳೆದ ಮಾಂಸ ಬಿಗಿಯುತ್ತದೆ. ಆ ಹೊತ್ತಿನಲ್ಲಿ ಬೇಯಿಸಿದರೆ ಎಷ್ಟು ಸೀಟಿ ಹಾಕಿಸಿದರೂ ನಾರು ನಾರಾಗಿಯೇ ಇರುತ್ತದೆ. ಬಿಸಿ ಆರದ ಮಾಂಸವನ್ನು ನೇರವಾಗಿ ಫ್ರೀಝರ್‌ಗೆ ತುಂಬಿಸಿದರೂ ಅದೇ ತೊಂದರೆ. ಅತಿ ಚಳಿಗೆ ಕ್ಯಾಲ್ಸಿಯಂ ಚೀಲಗಳು ಸೋರಿ, ಉಳಿದ ಎಟಿಪಿಯ ಬಲದಿಂದ ಸ್ನಾಯು ಮುದುಡಿಬಿಡುತ್ತದೆ. ಮಾಂಸವನ್ನು ಹರಡಿ ಸ್ವಲ್ಪ ಹೊತ್ತು ಆರಲು ಬಿಡಿರಿ. ಆದರೆ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿರಿ. ಬಳಿಕ ಒಂದು ರಾತ್ರಿ ಫ್ರಿಜ್‌ನ ಕೆಳಭಾಗದಲ್ಲಿಟ್ಟು ಮರುದಿನ ಬೇಯಿಸಿರಿ ಅಥವಾ ಫ್ರೀಝರ್‌ಗೆ ಹಾಕಿರಿ.

ಸಡಿಲಲಾಗದ ರೋಗ

ಮೇಲಿನ ವ್ಯವಸ್ಥೆ ಎಲ್ಲಿ ತಪ್ಪಿದರೂ ಜೀವಕ್ಕೆ ಅಪಾಯ. ಅದಕ್ಕೆ ಅತ್ಯಂತ ಘೋರ ಉದಾಹರಣೆ ಧನುರ್ವಾಯು. ಇದರ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸೆಗಣಿಯಲ್ಲಿ, ಧೂಳಿನಲ್ಲಿ ಇರುತ್ತವೆ. ತುಕ್ಕು ಹಿಡಿದ ಮೊಳೆಯೊಂದೇ ಕಾರಣವಲ್ಲ. ಗಾಯದೊಳಗೆ ಸೇರಿದ ರೋಗಾಣು ಉತ್ಪಾದಿಸುವ ವಿಷ ನರದ ಮೂಲಕ ಬೆನ್ನುಹುರಿಗೆ ಏರುತ್ತದೆ. ಒಂದು ಸ್ನಾಯು ಬಿಗಿದಾಗ ಎದುರಿನ ಸ್ನಾಯು ಸಡಿಲಬೇಕೆಂದು ಮೇಲೆ ಹೇಳಿದೆವಷ್ಟೇ. ಆ 'ಸಡಿಲು' ಎಂಬ ಸಂದೇಶವನ್ನೇ ಈ ವಿಷ ತಡೆಯುತ್ತದೆ. ಆಗ ಎದುರುಬದುರಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ. ಬೆನ್ನಿನ ಸ್ನಾಯುಗಳು ಹೊಟ್ಟೆಯ ಸ್ನಾಯುಗಳಿಗಿಂತ ಬಲಶಾಲಿಯಾದ್ದರಿಂದ ಶರೀರ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಧನುಸ್ಸು ಎಂಬ ಹೆಸರು ಬಂದದ್ದು ಹೀಗೆ. ಉಸಿರಾಟದ ಸ್ನಾಯುಗಳೂ ಸಡಿಲಲಾರದೆ ಹೋದಾಗ ರೋಗಿ ಉಸಿರುಗಟ್ಟುತ್ತಾನೆ.

ನವಜಾತ ಶಿಶುವಿಗೆ ಇದು ಹೊಕ್ಕುಳ ಬಳ್ಳಿಯ ಗಾಯದಿಂದ ತಗಲುತ್ತಿತ್ತು. ಸ್ವಚ್ಛವಲ್ಲದ ಬ್ಲೇಡಿನಿಂದ ಕತ್ತರಿಸುವುದು, ಹೊಕ್ಕುಳಿಗೆ ಬೂದಿ, ಸೆಗಣಿ ಹಚ್ಚುವುದು ಇದಕ್ಕೆ ಕಾರಣಗಳಾಗಿದ್ದವು. ಮೊದಲ ಎರಡು ದಿನ ಚೆನ್ನಾಗಿ ಮೊಲೆಯುಣ್ಣುವ ಮಗು ಮೂರನೇ ದಿನದ ಬಳಿಕ ಬಾಯಿ ತೆರೆಯಲಾರದೆ ಸೆಟೆದುಕೊಳ್ಳುತ್ತಿತ್ತು. ಇದನ್ನು ದೆವ್ವದ ಕಾಟ, ದೃಷ್ಟಿ ಎಂದು ತಿಳಿದು ಎಷ್ಟೋ ತಾಯಂದಿರು ಮಕ್ಕಳನ್ನು ಕಳೆದುಕೊಂಡರು. ಗರ್ಭಿಣಿಯರಿಗೆ ನೀಡುವ ಚುಚ್ಚುಮದ್ದು ಮತ್ತು ಸ್ವಚ್ಛ ಹೆರಿಗೆಯಿಂದಾಗಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು.

ಹಾಗೆಂದು ಚುಚ್ಚುಮದ್ದು ಬಿಡುವಂತಿಲ್ಲ. ರೋಗಾಣು ಮಣ್ಣಿನಲ್ಲಿ ಹಾಗೆಯೇ ಇದೆ. ತಾಯಿಯ ರಕ್ತದಲ್ಲಿ ಮೂಡಿದ ರಕ್ಷಣೆ ಗರ್ಭದಲ್ಲೇ ಮಗುವಿಗೆ ದಾಟುತ್ತದೆ. ಮೊದಲು ಟಿಟಿ ಎಂದು ಕರೆಯುತ್ತಿದ್ದ ಈ ಚುಚ್ಚುಮದ್ದಿನ ಬದಲು ಈಗ ಗಂಟಲುಮಾರಿಯ ರಕ್ಷಣೆಯೂ ಸೇರಿದ ಟಿಡಿ ನೀಡಲಾಗುತ್ತದೆ. ಗರ್ಭ ನಿಂತದ್ದು ತಿಳಿದೊಡನೆ ಒಂದು, ನಾಲ್ಕು ವಾರಗಳ ಬಳಿಕ ಇನ್ನೊಂದು. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಸೊಸೆಯನ್ನು ಈ ಚುಚ್ಚುಮದ್ದಿಗೆ ಕರೆದೊಯ್ಯುವ ಅತ್ತೆ ಮೊಮ್ಮಗುವಿಗೆ ಕೊಡುವ ಮೊದಲ ಉಡುಗೊರೆ ಅದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಾಯಿಲೆಯಿದೆ. ಅದರಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಅಸಿಟೈಲ್‌ಕೋಲಿನ್‌ನ ಬೀಗಗಳನ್ನು ಹಾಳುಗೆಡವುತ್ತದೆ. ಅಪ್ಪಣೆ ಸ್ನಾಯುವಿಗೆ ತಲುಪುವುದಿಲ್ಲ. ಬೆಳಿಗ್ಗೆ ಸರಿಯಿದ್ದವರಿಗೆ ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಅಗಿಯಲು, ನುಂಗಲು ಕಷ್ಟವಾಗುತ್ತದೆ. ಮಯಸ್ತೀನಿಯಾ ಗ್ರೇವಿಸ್ ಎಂಬ ಈ ಕಾಯಿಲೆ ನಲ್ವತ್ತರೊಳಗಿನವರಲ್ಲಿ ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ಇದಕ್ಕೆ ಔಷಧಿ ಇದೆ. ತಾಯಿತ ಕಟ್ಟಿಸುತ್ತಾ ತಿಂಗಳುಗಟ್ಟಲೆ ಕಾಯದೆ ನರರೋಗ ತಜ್ಞರನ್ನು ಕಾಣಬೇಕು. ಅಲ್ಲಾಹನು ರೋಗದೊಂದಿಗೆ ಚಿಕಿತ್ಸೆಯನ್ನೂ ಇಳಿಸಿದ್ದಾನೆ ಎಂದು ನಂಬುವವರು ನಾವು.

ಕುಳಿತೇ ಇದ್ದರೆ ವಿಶ್ರಾಂತಿಯಲ್ಲ

ಬಿಗಿತವಿಲ್ಲದ ಸಡಿಲಿಕೆಯೂ ಸ್ನಾಯುವಿಗೆ ಹಾನಿ. ಬಳಸದ ಸ್ನಾಯುವಿನ ದಾರಗಳನ್ನು ಶರೀರವೇ ಬಿಚ್ಚಿ ತೆಗೆಯುತ್ತದೆ. ಮೂವತ್ತು ದಾಟಿದ ಬಳಿಕ ಪ್ರತಿ ಹತ್ತು ವರ್ಷಗಳಿಗೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತಾ ಬರುತ್ತದೆ. ಅರುವತ್ತರ ನಂತರ ವೇಗ ಹೆಚ್ಚುತ್ತದೆ. ಹಾಸಿಗೆ ಹಿಡಿದ ವೃದ್ಧರಿಗೆ ಹತ್ತೇ ದಿನಗಳಲ್ಲಿ ಕಾಲಿನ ಬಲ ಗಣನೀಯವಾಗಿ ಕುಗ್ಗುತ್ತದೆ.

ನಮ್ಮ ಕೆಲವು ಮನೆಗಳಲ್ಲಿ ಗಂಡ ತೀರಿಕೊಂಡ ವೃದ್ಧೆಯನ್ನು ಇದ್ದಾದ ಹೆಸರಿನಲ್ಲಿ ನಾಲ್ಕು ತಿಂಗಳು ಹತ್ತು ದಿನ ಕೋಣೆಯ ಮೂಲೆಯಲ್ಲಿ ಕೂರಿಸಿಬಿಡುತ್ತಾರೆ. ಊಟ ಅಲ್ಲಿಗೇ, ನೀರು ಅಲ್ಲಿಗೇ. ಅವಧಿ ಮುಗಿದು ಎದ್ದು ನಿಲ್ಲುವಾಗ ಕಾಲುಗಳು ಮಾತು ಕೇಳುವುದಿಲ್ಲ. ಒಮ್ಮೆ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಅವರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಶರೀಅತ್ ಆಕೆಗೆ ಹೇಳಿರುವುದು ಮನೆಯಲ್ಲಿರಬೇಕು, ಅಲಂಕಾರ, ಸುಗಂಧ ತೊರೆಯಬೇಕು ಎಂದು. ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಕೂರಬೇಕೆಂದು ಹೇಳಿಲ್ಲ. ಆಕೆ ಮನೆಯೊಳಗೆ ಓಡಾಡಬಹುದು, ಅಡುಗೆ ಮಾಡಬಹುದು, ತನ್ನ ಅಂಗಳದ ಬಿಸಿಲಿಗೆ ಬರಬಹುದು. ನಾವು ಸೇರಿಸಿದ ಕಟ್ಟುಪಾಡಿನ ಬೆಲೆಯನ್ನು ಆ ಮುದುಕಿ ತನ್ನ ಕಾಲುಗಳಿಂದ ತೆರುವಂತಾಗಬಾರದು. ಬಾಣಂತಿಯ ನಲ್ವತ್ತು ದಿನಕ್ಕೂ ಇದೇ ಮಾತು. ಭಾರ ಎತ್ತಬಾರದು ನಿಜ, ಆದರೆ ವೈದ್ಯರು ಬೇಡವೆನ್ನದಿದ್ದರೆ ಮನೆಯೊಳಗೆ ನಡೆದಾಡಲೇಬೇಕು.

ಬಿಸಿಲಿನ ಮಾತು ಬಂತು. ಚರ್ಮಕ್ಕೆ ಬಿಸಿಲು ತಾಗದಿದ್ದರೆ ವಿಟಮಿನ್ ಡಿ ಕಡಿಮೆಯಾಗುತ್ತದೆ. ಅದರ ತೀವ್ರ ಕೊರತೆಯಲ್ಲಿ ತೊಡೆ ಮತ್ತು ಸೊಂಟದ ಸ್ನಾಯುಗಳು ಸೋಲುತ್ತವೆ. ನೆಲದಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವಿಲ್ಲದಂತಾಗುತ್ತದೆ. ಸುಜೂದ್‌ನಿಂದ ಏಳಲು ಕೈಯೂರುವ ಮಹಿಳೆಯನ್ನು ಸೋಮಾರಿ ಎನ್ನುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸುವುದು ನ್ಯಾಯ. ಪರದೆ ಪಾಲಿಸುವವರು ತಾರಸಿಯಲ್ಲೋ, ಮರೆಯಿರುವ ಹಿತ್ತಲಿನಲ್ಲೋ ಕೈಕಾಲಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಕಳೆಯಬಹುದು.

ಸ್ನಾಯುವಿನ ದಾರಗಳು ಪ್ರೊಟೀನ್‌ನಿಂದ ಆದವು. ಬೇಳೆ, ಮೊಟ್ಟೆ, ಮೀನು, ಹಾಲು ಅದನ್ನು ಒದಗಿಸುತ್ತವೆ. ಎಲ್ಲರಿಗೂ ಬಡಿಸಿ ಉಳಿದ ಸಾರಿನಲ್ಲಿ ಅನ್ನ ಕಲಸಿ ತಿನ್ನುವ ಅಭ್ಯಾಸವಿದ್ದವರು ಒಂದು ತುಂಡು ಮೀನನ್ನು ತಮಗಾಗಿಯೂ ಎತ್ತಿಡಲಿ. ವಯಸ್ಸಾದವರು ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು ಕೈಯೂರದೆ ಹತ್ತು ಸಲ ಎದ್ದು ಕೂರುವುದನ್ನು ದಿನಕ್ಕೆರಡು ಬಾರಿ ಅಭ್ಯಾಸ ಮಾಡಿದರೆ ತೊಡೆಯ ಬಲ ಉಳಿಯುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ನೇರ ಮಾಡಿ ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆಯಿರಿ. ಹಿಡಿದ ಸ್ನಾಯು ಹಿಗ್ಗಿ ನಿಧಾನವಾಗಿ ಬಿಡುತ್ತದೆ.

ಬಿಡುವುದೂ ಒಂದು ಅನುಗ್ರಹ

ಅವಸರದಿಂದ ನಮಾಝ್ ಮುಗಿಸಿದ ಒಬ್ಬರನ್ನು ಪ್ರವಾದಿ(ಸ)ರು ಮರಳಿ ಕಳುಹಿಸಿ, ರುಕೂಅ್, ನಿಲುವು, ಸುಜೂದ್ ಪ್ರತಿಯೊಂದರಲ್ಲೂ ದೇಹ ನೆಮ್ಮದಿಯಿಂದ ನೆಲೆಗೊಳ್ಳಬೇಕೆಂದು ಕಲಿಸಿದ ಪ್ರಸಂಗ ನಮಗೆಲ್ಲ ಗೊತ್ತು. ನಮಾಝ್ ಅಲ್ಲಾಹನಿಗೆ ಸಲ್ಲಿಸುವ ಆರಾಧನೆ, ಅದನ್ನು ವ್ಯಾಯಾಮವೆಂದು ಹೊಗಳಬೇಕಾಗಿಲ್ಲ. ಆದರೆ ಆ ನೆಮ್ಮದಿಯ ನಿಲುವಿನಲ್ಲಿ ನಿಂತಾಗ ಒಂದನ್ನು ನೆನಪಿಸಿಕೊಳ್ಳಬಹುದು. ಬಾಗಿದ ಬೆನ್ನು ನೇರವಾದುದು ಒಂದು ಸ್ನಾಯು ಬಿಗಿದದ್ದರಿಂದ, ಇನ್ನೊಂದು ಬಿಟ್ಟುಕೊಟ್ಟದ್ದರಿಂದ. ಎರಡಕ್ಕೂ ನಾವು ತಿಂದ ತುತ್ತು, ಎಳೆದ ಉಸಿರು ಖರ್ಚಾಗಿದೆ.

ನಮ್ಮ ದೇಹದ ಪ್ರತಿಯೊಂದು ಕೀಲಿಗೂ ದಿನದಿನವೂ ದಾನವೊಂದು ಬಾಕಿಯಿದೆ ಎಂಬ ಅರ್ಥದ ಪ್ರವಾದಿ ವಚನವಿದೆ. ನಾಳೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಬೆರಳುಗಳನ್ನೊಮ್ಮೆ ಮಡಚಿ ಬಿಡಿಸಿ 'ಅಲ್‌ಹಮ್ದುಲಿಲ್ಲಾಹ್' ಎನ್ನಿರಿ. ಬಳಿಕ ಮನೆಯಲ್ಲಿ ಕಾಲಿನ ಬಲ ಕುಂದಿದ ಅತ್ತೆಯೋ ಅಜ್ಜಿಯೋ ಇದ್ದರೆ ಅವರ ಕೈ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿರಿ.